ನನ್ನ ಹೆಂಡತಿಯ ಸಾವಿರ ವರ್ಷದ ಆಟ

ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯ ತಾಲ್ಲೂಕು ಕಚೇರಿಯ ಎದುರು, ಹೊಂಗೆ ಮರದ ನೆರಳಿನಲ್ಲಿ ಮಡಚುವ ಮೇಜೊಂದನ್ನು ಹಾಕಿಕೊಂಡು ನಾನು ಬಹುಕಾಲ ಅರ್ಜಿ ಬರೆದೆ. ಕನ್ನಡದಲ್ಲಿ ಅಳುವವರ ದುಃಖವನ್ನು ತಮಿಳಿನಲ್ಲಿ ಬಿನ್ನವಿಸುವುದು ನನ್ನ ಕಸುಬು. ಪಟ್ಟಾ ಬದಲಾವಣೆ, ಕಾಲುದಾರಿಯ ಒತ್ತುವರಿ, ವಿಧವೆಯರ ಮಾಸಾಶನ, ಹಂದಿ ತಿಂದ ಜೋಳ, ಎಲ್ಲಕ್ಕೂ ನನ್ನಲ್ಲಿ ಒಂದೊಂದು ಒಕ್ಕಣೆ ಸಿದ್ಧವಾಗಿರುತ್ತಿತ್ತು. ಮನುಷ್ಯನಿಗೆ ಬರುವ ಯಾವ ಕಷ್ಟವೂ ಒಂದೂವರೆ ಪುಟಕ್ಕಿಂತ ಹೆಚ್ಚು ಬೆಳೆಯಬಾರದು, ಬೆಳೆದರೆ ಅಧಿಕಾರಿಗಳು ಓದುವುದಿಲ್ಲ ಎಂಬುದು ಆ ಮರದ ಕೆಳಗೆ ನನಗಾದ ಜ್ಞಾನೋದಯ. ಇಂಥ ಜ್ಞಾನಿಗೆ ತನ್ನ ಮನೆಯಲ್ಲೇ ಹುಟ್ಟಿದ ಒಂದು ಹಕ್ಕಿನ ಬಗ್ಗೆ ಯಾರ ಹೆಸರಿಗೆ ಅರ್ಜಿ ಬರೆಯಬೇಕೆಂಬುದೇ ತಿಳಿಯದೆ ಹೋಯಿತು. ಆ ಹಕ್ಕು ಒಂದು ಆಟದ ಮೇಲಿನದು. ಆಟ ಕಟ್ಟಿದವಳು ನನ್ನ ಹೆಂಡತಿ.

ಆಟ ಆನೆಯದು. ಈ ಶಬ್ದವನ್ನು ನಾನು ಹಗಲು ಹೊತ್ತಿನಲ್ಲಿ, ಮನೆಯಿಂದ ಆಚೆ ಜಗಲಿಯ ಮೇಲೆ ಕೂತು ಬರೆದಿದ್ದೇನೆ, ಇನ್ನು ಬರೆಯುವುದಿಲ್ಲ. ನಮ್ಮ ತಿಗನಾರೆಯಲ್ಲಿ ಹೊಲ ಇರುವವರು ಆ ಹೆಸರೆತ್ತುವುದಿಲ್ಲ. ಎತ್ತಿದರೆ ಕರೆದ ಹಾಗೆ. 'ದೊಡ್ಡದು' ಎನ್ನುತ್ತೇವೆ. ತಮಿಳಿನವರು ಇನ್ನೂ ಒಂದು ಮೆಟ್ಟಿಲು ಮೇಲೇರಿ 'ಪೆರಿಯವರು' ಎಂದು ಬಹುವಚನ ಕೊಡುತ್ತಾರೆ. ಎರಡು ಭಾಷೆಯ ಮರ್ಯಾದೆಯನ್ನೂ ಸ್ವೀಕರಿಸಿ ಅದು ಬಂದು ರಾಗಿ ತಿಂದು ಹೋಗುತ್ತದೆ.

ನನ್ನ ಹೆಂಡತಿಯ ತಮ್ಮ ಸತ್ತದ್ದು ದೊಡ್ಡದರಿಂದ. ಜೋಳದ ಹೊಲಕ್ಕೆ ಇಳಿದದ್ದನ್ನು ಓಡಿಸಲು ಊರೇ ಹೋಗಿತ್ತು. ಮೂರು ಕಡೆಯಿಂದ ತಮಟೆ, ಪಟಾಕಿ. ಕಾಡಿನ ಕಡೆ ಮಾತ್ರ ಖಾಲಿ ಬಿಡಬೇಕು. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅವತ್ತು ಉತ್ಸಾಹ ಹೆಚ್ಚಾಗಿ ಆ ಕಡೆಯಿಂದಲೂ ಒಂದು ಗುಂಪು ಕೂಗಿಕೊಂಡು ಬಂತು. ಹೋಗಲು ದಾರಿ ಇಲ್ಲದ್ದು ತಿರುಗಿತು. ತಿರುಗಿದ ಕಡೆ ಅವನಿದ್ದ. ಪರಿಹಾರದ ಅರ್ಜಿಯನ್ನು ನಾನೇ ಬರೆದೆ. ಒಂದೂವರೆ ಪುಟ.

ಆಮೇಲೆ ಅವಳು ತಮ್ಮನ ಸುದ್ದಿ ಎತ್ತಲಿಲ್ಲ. ಕಳೆ ಕೀಳಲು ಬರುವ ಹೆಂಗಸರ ಜೊತೆ ಮಧ್ಯಾಹ್ನ ಹುಣಸೆ ಮರದಡಿಯ ಬಂಡೆಯ ಮೇಲೆ ಹುಲಿ-ಕುರಿ ಆಡುವುದು ಅವಳ ಅಭ್ಯಾಸ. ಒಂದು ದಿನ ಆ ಗೆರೆಗಳನ್ನು ಸೆರಗಿನಿಂದ ಒರೆಸಿ ಬೇರೆ ಗೆರೆ ಎಳೆದಳಂತೆ. ಚೌಕ ಚೌಕದ ಹೊಲ, ಒಂದು ಅಂಚಿಗೆ ಕಾಡು. ಚೌಕಗಳಲ್ಲಿ ಹುರುಳಿ ಕಾಳು, ಅದು ಬೆಳೆ. ಮೂರು ಕರಿ ಕಲ್ಲು ಒಬ್ಬರ ಕೈಗೆ, ಅವು ದೊಡ್ಡವು. ಇನ್ನೊಬ್ಬರ ಕೈಗೆ ಹಿಡಿ ಹುಣಸೆ ಬೀಜ, ಅವರು ಕಾವಲಿನವರು. ಕಲ್ಲುಗಳು ಕಾಳು ತಿನ್ನುತ್ತ ಒಳಗೆ ಬರುತ್ತವೆ, ಬೀಜಗಳು ಅವನ್ನು ತಳ್ಳುತ್ತ ಕಾಡಿಗೆ ಅಟ್ಟಬೇಕು. ಇಷ್ಟೇ ಆಗಿದ್ದರೆ ಅದೂ ಹತ್ತರೊಳಗೆ ಒಂದು ಆಟ. ಅವಳ ಆಟದ ಜೀವ ಇದ್ದದ್ದು ಇನ್ನೊಂದು ನಿಯಮದಲ್ಲಿ. ಯಾವ ಹೊತ್ತಿನಲ್ಲೂ ಪ್ರತಿ ಕಲ್ಲಿಗೆ ಕಾಡಿನವರೆಗೆ ಒಂದು ದಾರಿ ತೆರೆದಿರಬೇಕು. ಕಾವಲಿನವರು ಮರೆತು ಆ ದಾರಿ ಮುಚ್ಚಿದರೆ, ಎಷ್ಟೇ ಬೆಳೆ ಉಳಿಸಿರಲಿ, ಅಲ್ಲಿಗೇ ಸೋಲು.

"ಇದ್ಯಾವ ಸೀಮೆ ಆಟಕ್ಕ? ಇಡ್ದಾಕುದ್ರೂ ಸೋತಂಗಾ?" ಎಂದು ಆಳುಗಳ ಪೈಕಿ ಒಬ್ಬ ಬಾಯಿಬಡುಕಿ ಹರಿಹಾಯ್ದಳು.

"ಇಡ್ಯಾಕೆ ಅದೇನು ಕೋಳಿಮರಿಯಾ? ದಾರಿ ಬುಡು, ಓಯ್ತದೆ."

"ಬುಡ್ದೇ ಓದ್ರೆ?"

"ಬುಡ್ದೇ ಓದ್ರೆ ನೀನು ಓಯ್ತೀಯ ಕಣಮ್ಮಿ," ಎಂದಳು ನನ್ನ ಹೆಂಡತಿ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಬುತ್ತಿ ಕೊಡಲು ಹೋಗಿದ್ದ ನಾನು ಅವಳ ನಗು ಕೇಳಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ನಾನೂ ಆಡಿದ್ದುಂಟು. ಕಾವಲಿನ ಪಕ್ಷ ವಹಿಸಿದಾಗಲೆಲ್ಲ ಸೋತೆ. ನಾಲ್ಕು ದಿಕ್ಕಿಗೂ ಚಕ್ಕುಬಂದಿ ಬರೆದು ಗಟ್ಟಿ ಮಾಡುವುದು ನನ್ನ ಕಸುಬಿನ ದೋಷ. ಒಂದು ದಿಕ್ಕನ್ನು ಖಾಲಿ ಬಿಡು ಎಂದರೆ ಅಲ್ಲೂ ಒಂದು ಬೀಜ ಇಟ್ಟುಬಿಡುತ್ತೇನೆ. ಆಟ ಮಾತ್ರ ಹಬ್ಬಿತು. ಪಕ್ಕದ ಹೊಲಗಳ ಬಂಡೆಗಳ ಮೇಲೂ ಅವಳ ಗೆರೆಗಳು ಕಾಣಿಸಿಕೊಂಡವು. ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಯರು ಅದನ್ನು ಕೊಂಡುಹೋದರು.

ಹೀಗಿರುವಾಗ ಕೊಯಮತ್ತೂರಿನಿಂದ ಒಬ್ಬ ಹುಡುಗಿ, ಒಬ್ಬ ಹುಡುಗ ಬಂದರು. ಹಳ್ಳಿಯ ಆಟಗಳನ್ನು ಸಂಗ್ರಹಿಸುವವರಂತೆ. ಕಳ್ಳರು ಕಳ್ಳರ ಹಾಗೆ ಕಾಣಬೇಕೆಂಬ ನಿಯಮವಿದ್ದರೆ ಪ್ರಪಂಚ ಎಷ್ಟು ಸುಲಭವಾಗಿರುತ್ತಿತ್ತು. ಇವರು ಚಪ್ಪಲಿ ಬಿಟ್ಟು ಒಳಗೆ ಬಂದರು, ಮುದ್ದೆ ಉಪ್ಪುಸಾರು ಉಂಡರು, ತಟ್ಟೆ ತಾವೇ ತೊಳೆದಿಟ್ಟರು. ಇವತ್ತಿಗೂ ಅವರನ್ನು ಕಳ್ಳರೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಹುಣಸೆ ಮರದ ಕೆಳಗೆ ಕೂತು ಆಟ ಕಲಿತರು, ಸೋತರು, ಮತ್ತೆ ಸೋತರು. ಕೊನೆಗೆ ಆ ಹುಡುಗಿ ಫೋನನ್ನು ನನ್ನ ಹೆಂಡತಿಯ ಮುಖಕ್ಕೆ ಹಿಡಿದು, ಮುರುಕು ಕನ್ನಡದಲ್ಲಿ ಕೇಳಿದಳು: "ಅಮ್ಮಾ, ಈ ಆಟ ಯಾರು ಮಾಡಿದ್ದು?"

"ನಾವೇನು ಮಾಡಾವು ತಾಯಿ," ಎಂದಳು ನನ್ನ ಹೆಂಡತಿ, ಸೆರಗು ಸರಿಮಾಡಿಕೊಂಡು. "ಅಜ್ಜಿ ಮುತ್ತಜ್ಜಿ ಕಾಲ್ದಿಂದ್ಲೂ ಬಂದದೆ. ನಾವು ಆಡ್ತೀವಿ, ಅಷ್ಟೆಯ."

ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ನನಗೆ ಆ ಗಳಿಗೆಯಲ್ಲಿ ಅದು ತುಂಬ ಸರಿಯಾದ ಉತ್ತರವಾಗಿ ಕೇಳಿಸಿತು. ನಮ್ಮ ಕಡೆ 'ನಾನು ಮಾಡಿದೆ' ಎಂಬ ಮಾತು ಕೆಟ್ಟದ್ದಕ್ಕೆ ಮಾತ್ರ ಮೀಸಲು. ಸಾರು ಉಪ್ಪಾದರೆ ನಾನು ಮಾಡಿದ್ದು. ರುಚಿಯಾದರೆ ನಮ್ಮತ್ತೆ ಹೇಳಿಕೊಟ್ಟಿದ್ದು. ನನ್ನಪ್ಪ ಕೂರಿಗೆಯ ಬಟ್ಟಲನ್ನು ತನ್ನದೇ ತಲೆ ಓಡಿಸಿ ಬೇರೆ ಥರ ಕೊರೆದಿದ್ದ, ಬಿತ್ತನೆ ಬೀಜ ಒಂದೇ ಸಮ ಬೀಳುತ್ತಿತ್ತು. ನೋಡಲು ಬಂದವರಿಗೆಲ್ಲ ಇದು ನಮ್ಮ ತಾತನದು ಎನ್ನುತ್ತಿದ್ದ. ಆ ತಾತ ಜೀವನವಿಡೀ ದನ ಕಾದವನು, ಕೂರಿಗೆ ಮುಟ್ಟಿದವನೇ ಅಲ್ಲ. ಹೊಸದನ್ನು ನನ್ನದು ಎಂದರೆ ದೃಷ್ಟಿಯಾಗುತ್ತದೆ, ಜೊತೆಗೆ ನಾಲ್ಕು ಜನ ನಗುತ್ತಾರೆ. ಹಳೆಯದು ಎಂದರೆ ಕೈ ಮುಗಿಯುತ್ತಾರೆ. ಸತ್ತವರ ತಲೆಗೆ ಕಟ್ಟಿ ಬಿಟ್ಟರೆ ವಸ್ತುವೂ ಕ್ಷೇಮ, ಮಾಡಿದವರೂ ಕ್ಷೇಮ. ತಲೆತಲಾಂತರದಿಂದ ನಡೆದುಬಂದ ನಮ್ಮ ರಕ್ಷಣಾ ವ್ಯವಸ್ಥೆ ಇದು. ಫೋನುಗಳು ಬರುವ ತನಕ ಯಾವ ಲೋಪವೂ ಇಲ್ಲದೆ ನಡೆಯುತ್ತಿತ್ತು.

ಆಮೇಲೆ ಒಂದು ದಿನ ತಾಳವಾಡಿಯಲ್ಲಿ ಕಾಗದ ಪೆನ್ನು ಮಾರುವ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಬಣ್ಣದ ಪೆಟ್ಟಿಗೆಯೊಂದನ್ನು ಮುಂದಿಟ್ಟ. "ಸಾರ್, ನೋಡಿ. ನಮ್ಮ ಬೆಟ್ಟದ ಆಟವಂತೆ, ನಮಗೇ ಗೊತ್ತಿಲ್ಲ!" ಮುಚ್ಚಳದ ಮೇಲೆ ನಾವು ಎತ್ತದ ಆ ಹೆಸರೇ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ದಪ್ಪ ಅಕ್ಷರದಲ್ಲಿ ಮೆರೆಯುತ್ತಿತ್ತು. ಒಳಗೆ ಮರದಲ್ಲಿ ಕೊರೆದ ಮೂರು ದೊಡ್ಡವು, ಪಂಜು ಹಿಡಿದ ಪುಟ್ಟ ಪುಟ್ಟ ಮನುಷ್ಯರು. ಹಿಂಬದಿಯಲ್ಲಿ, ಕೊಯಮತ್ತೂರಿನ ವಿಳಾಸವೊಂದರ ಮೇಲೆ, ಈ ಆಟ ಸಾವಿರ ವರ್ಷ ಹಳೆಯದೆಂದೂ, ಕಟ್ಟಿದವರು ಯಾರೆಂದು ತಿಳಿಯದ ಬೆಟ್ಟದ ಜನರೆಂದೂ, ಇದೀಗ ಅದನ್ನು ಅಳಿವಿನಿಂದ ಉಳಿಸಲಾಗಿದೆಯೆಂದೂ ಬರೆದಿತ್ತು. ನನ್ನ ಹೆಂಡತಿಗೆ ಅರವತ್ತು ದಾಟಿದೆ, ಮಂಡಿನೋವು ಇದೆ. ಸಾವಿರ ಅನ್ನುವಷ್ಟು ಕಾಣುವುದಿಲ್ಲ. ಪೆಟ್ಟಿಗೆ ಕೊಂಡುಕೊಂಡು ಬಸ್ಸು ಹತ್ತಿದೆ.

"ಒಳಕ್ಕೆ ತರ್ಬ್ಯಾಡಿ ಅದ್ನ!" ಎಂದು ಅವಳು ಬಾಗಿಲಲ್ಲೇ ತಡೆದಳು. ಮುಚ್ಚಳದ ಚಿತ್ರ ಕಂಡಿತ್ತು. ಹೀಗಾಗಿ ಕೊಟ್ಟಿಗೆಯ ಕಟ್ಟೆಯ ಮೇಲೆ, ಎರಡು ಹಸುಗಳ ಸಮ್ಮುಖದಲ್ಲಿ ನಾನು ಪೆಟ್ಟಿಗೆಯನ್ನು ಬಿಚ್ಚಿ ಅದರ ನಿಯಮಗಳನ್ನು ಓದಿ ಹೇಳಿದೆ. ಸಾವಿರ ವರ್ಷದ ಮಾತಿಗೆ ಅವಳು ನಕ್ಕುಬಿಟ್ಟಳು. "ಪರ್ವಾಗಿಲ್ಲ ಬುಡಿ, ನಮ್ಮತ್ತೆಗಿಂತ ದೊಡ್ಡೋಳಾದೆ." ಆಮೇಲೆ ಕೇಳಿದಳು: "ದಾರಿ ಇಸ್ಯ ಯಾನ ಬರ್ದವ್ರೆ?"

ದಾರಿಯ ವಿಷಯ ಇರಲಿಲ್ಲ. ಮೂರು ದೊಡ್ಡವನ್ನೂ ಎಲ್ಲ ದಿಕ್ಕಿನಿಂದ ಸುತ್ತುವರಿದು ಸೆರೆ ಹಿಡಿದವರು ಗೆದ್ದಂತೆ ಎಂದಿತ್ತು. ಪೇಟೆಯ ಮಕ್ಕಳಿಗೆ ಸುಲಭವಾಗಲೆಂದು ಯಾರೋ ತಿದ್ದಿರಬೇಕು. ನಾನು ಎರಡು ಸಲ ಓದಿದೆ, ತಮಿಳಿನಲ್ಲೊಮ್ಮೆ, ಅರ್ಥ ಹೇಳಿ ಇನ್ನೊಮ್ಮೆ.

ಅವಳು ಹಸುವಿಗೆ ಹುಲ್ಲು ಎಳೆದು ಹಾಕಿದಳು. ಆಮೇಲೆ ಹುಲ್ಲಿಗೆ ಹೇಳುವಂತೆ, "ಇದು ನಂದು," ಎಂದಳು. ನಮ್ಮ ಮದುವೆಯಾದಂದಿನಿಂದ ಯಾವ ವಸ್ತುವಿನ ಬಗ್ಗೆಯೂ ಅವಳು ಹಾಗೆ ಅಂದದ್ದನ್ನು ನಾನು ಕೇಳಿರಲಿಲ್ಲ. "ನನ್ ತಮ್ಮುನ್ನ ಕಳ್ಕಂಡು ಮಾಡಿದ್ದು ಕಣ್ರೀ. ಆ ದಾರಿ ಮುಚ್ಚಾಕೆ ಇವ್ರು ಯಾರು? ಎಸ್ರು ಬೇಕಾರೆ ಅವರ್ದೇ ಮಡಿಕಳ್ಳಿ. ದಾರಿ ಬುಡು ಅನ್ನಿ."

ದಾರಿ ಬಿಡು ಎಂದು ಹೇಳುವ ಅಧಿಕಾರ ಮಾಡಿದವರಿಗೆ ಮಾತ್ರ ಇರುತ್ತದೆ. ಮಾಡಿದವಳು ನೀನು ಎಂದು ಮೊದಲು ಸ್ಥಾಪಿಸಬೇಕು, ಎಂದೆ. ಸ್ಥಾಪಿಸಬೇಕು ಎಂಬ ಮಾತನ್ನು ಹೇಳುವಾಗ ನನಗೆ ಸ್ವಲ್ಪ ಹುರುಪೇ ಬಂದಿತ್ತು.

ಸತ್ಯಮಂಗಲದಲ್ಲಿ ಒಬ್ಬ ವಕೀಲನಿದ್ದ. ನಮ್ಮ ಬೆಟ್ಟದವನೇ, ನನ್ನ ಅರ್ಜಿಗಳನ್ನು ಮುಂದಿಟ್ಟುಕೊಂಡೇ ಕಸುಬು ಕಲಿತವನು. ದಿಂಬಂ ಘಾಟಿ ಇಳಿಯುವ ತಿರುವುಗಳಲ್ಲಿ ಅವಳಿಗೆ ವಾಂತಿ. ಸೆರಗು ಬಾಯಿಗೆ ಒತ್ತಿಕೊಂಡೇ ಅವನ ಆಫೀಸಿನ ಮೆಟ್ಟಿಲು ಹತ್ತಿದಳು. ಅವನು ಎಲ್ಲವನ್ನೂ ಕೇಳಿದ, ಪೆಟ್ಟಿಗೆಯನ್ನು ತಿರುಗಿಸಿ ನೋಡಿದ.

"ಸಾರ್, ಮೊದ್ಲು ಪೇಟೆಂಟ್ ಅನ್ನೋ ಮಾತು ಮರ್ತ್‌ಬುಡಿ. ಆಟ ಆಡೋ ರೀತಿನ ಕಾನೂನು ಆವಿಷ್ಕಾರ ಅಂತ ಒಪ್ಪೋದೇ ಇಲ್ಲ."

"ಹಾಗಾದರೆ ಆಟ ಕಂಡುಹಿಡಿದವರು ಏನನ್ನು ಕಂಡುಹಿಡಿದ ಹಾಗಾಯಿತು?"

"ಏನೂ ಇಲ್ಲ ಸಾರ್," ಎಂದ ಅವನು, ತುಂಬ ಮರುಕದಿಂದ. "ಬರ್ದಿರೋ ಮಾತಿಗೆ, ಬುಡ್ಸಿರೋ ಚಿತ್ರಕ್ಕೆ ಅಕ್ಕು ಸಿಗ್ತದೆ. ಅಮ್ಮಾ, ನೀವು ಎಲ್ಲಾದ್ರೂ ಬರ್ದಿದ್ರಾ?"

"ಬಂಡೆ ಮೇಲೆ ಬರ್ದಿದ್ದೆ ಕಣಪ್ಪ."

"ಈಗ್ಲೂ ಅದ್ಯಾ ಅದು?"

"ಮಳೆ ಬತ್ತದಲ್ಲಪ್ಪ. ದಿನಾ ಬರೀತೀವಿ."

"ಎಸ್ರಿಗಾದ್ರೂ ರಕ್ಷಣೆ ಅದೆ. ಆಟದ ಎಸ್ರು ಯಾನ?"

ಹೆಸರೆತ್ತಬಾರದ್ದನ್ನು ಕುರಿತ ಆಟಕ್ಕೆ ಯಾರು ಹೆಸರಿಡುತ್ತಾರೆ? "ಬನ್ರಮ್ಮಿ, ಆಡೋಣ ಅಂತಿದ್ದೋ," ಎಂದಳು ಅವಳು. ವಕೀಲ ಅದನ್ನು ಬರೆದುಕೊಳ್ಳಲು ಪೆನ್ನು ಎತ್ತಿ, ಬರೆಯದೆ ಕೆಳಗಿಟ್ಟ. ಪೆಟ್ಟಿಗೆಯವರು ಮುಚ್ಚಳದ ಮೇಲಿನ ಹೆಸರಿನ ನೋಂದಣಿಗೆ ಆಗಲೇ ಅರ್ಜಿ ಕೊಟ್ಟಾಗಿತ್ತು.

"ಕಾನೂನು ಒತ್ತಟ್ಗಿರ್ಲಿ. ಮಾಡಿದೋರು ಇವ್ರೇ ಅಂತ ತೋರ್ಸುದ್ರೆ ನಾಚ್ಕೆಗಾದ್ರೂ ಆ ನಿಯಮ ತಿದ್ತಾರೆ. ಆದ್ರೆ ಸಾರ್, ಒಂದ್ ಕಷ್ಟ ಅದೆ." ಅವನು ತನ್ನ ಫೋನನ್ನು ನಮ್ಮ ಕಡೆ ತಿರುಗಿಸಿದ. ಪೆಟ್ಟಿಗೆಯವರು ಲೋಕವೆಲ್ಲ ನೋಡಲೆಂದು ಹಾಕಿದ್ದ ವೀಡಿಯೊ. ಹುಣಸೆ ಮರ, ಬಂಡೆ, ನನ್ನ ಹೆಂಡತಿ.

"ಅಯ್ಯೋ, ಇಷ್ಟೊಂದು ಮುದ್ಕಿ ಆಗ್ಬುಟ್ಟಿದ್ದೀನಾ?" ಎಂದಳು. ಅಷ್ಟರಲ್ಲಿ ಫೋನಿನೊಳಗಿನ ಅವಳು ಸೆರಗು ಸರಿಮಾಡಿಕೊಂಡು, ನಾವೇನು ಮಾಡಾವು ತಾಯಿ, ಅಜ್ಜಿ ಮುತ್ತಜ್ಜಿ ಕಾಲ್ದಿಂದ್ಲೂ ಬಂದದೆ ಎಂದಳು. ದನಿ ಬಹಳ ಸ್ಪಷ್ಟವಾಗಿತ್ತು. ನಾನು ಬರೆಸಿಕೊಟ್ಟ ಯಾವ ಹೇಳಿಕೆಯೂ ಅಷ್ಟು ಸ್ಪಷ್ಟವಾಗಿ, ಅಷ್ಟು ಚಿಕ್ಕದಾಗಿ ಇರಲಿಲ್ಲ. ಇನ್ನೊಂದು ಸಲ ಹಾಕಪ್ಪ ಎಂದು ಕೇಳಿ ಮತ್ತೆ ನೋಡಿದಳು. ಎರಡನೆಯ ಸಲವೂ ಅದನ್ನೇ ಹೇಳಿದಳು.

ವಾಪಸು ಬರುವಾಗ ದಿಂಬಂನಲ್ಲಿ ಬಸ್ಸು ಟೀಗೆ ನಿಂತಿತು. ಮಂಜು ಮುಸುಕಿತ್ತು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯದೆ ನಿಂತಿದ್ದಳು.

"ನಿಜ ಆಡಿದ್ರೆ ಜಂಬ ಅಂತಿದ್ರು. ಸುಳ್ಳಾಡ್ದೆ, ಸಾಕ್ಷಿ ಅಂತಾವ್ರೆ."

"ಅದು ಸುಳ್ಳಲ್ಲ, ಮರ್ಯಾದೆ," ಎಂದೆ.

"ಟೀ ಆರೋಯ್ತದೆ, ಕುಡೀರಿ," ಎಂದಳು.

ಇನ್ನು ಉಳಿದದ್ದು ಸಾಕ್ಷಿಗಳು. ಆ ಗೆರೆ ಮೊದಲು ಎಳೆದದ್ದನ್ನು ಕಣ್ಣಾರೆ ಕಂಡ ಹೆಂಗಸರು ಎಲ್ಲರೂ ಬದುಕಿದ್ದರು, ಎಲ್ಲರೂ ಅವಳನ್ನು ಅಕ್ಕ ಎಂದು ಪ್ರಾಣ ಬಿಡುವವರು. ಒಬ್ಬೊಬ್ಬರ ಮಾತನ್ನೂ ಬರೆದುಕೊಳ್ಳೋಣವೆಂದು ಮಧ್ಯಾಹ್ನ ಹುಣಸೆ ಮರಕ್ಕೆ ಹೋದೆ. ಕಾಗದ, ಹೆಬ್ಬೆಟ್ಟಿನ ಶಾಯಿ, ವಕೀಲ ಎಂಬ ಒಂದು ಶಬ್ದ: ಇವಿಷ್ಟನ್ನು ಒಟ್ಟಿಗೆ ಕಂಡದ್ದೇ ಅವರ ಮುಖ ಬಿಳುಚಿತು. ನಮ್ಮಲ್ಲಿ ದೊಡ್ಡದರ ವಿಷಯಕ್ಕೆ ಕಾಗದ ಹಿಡಿದು ಬರುವವರು ಕೇಸು ಹಾಕುವ ಅರಣ್ಯ ಇಲಾಖೆಯವರು, ಒಳ್ಳೆಯದಕ್ಕೆ ಬರುವುದಿಲ್ಲ.

"ಬಾವ, ಅಕ್ಕನ್ ಮೇಲೆ ಯಾರಾರ ಕೇಸ್ ಆಕವ್ರಾ?" ಎಂದಳು ಆ ಬಾಯಿಬಡುಕಿ.

"ಕೇಸಲ್ಲ. ಈ ಆಟ ಯಾರದು ಅಂತ ನೀವು ಹೇಳಬೇಕು, ಅಷ್ಟೆ."

"ಅಕ್ಕಂದಲ್ಲ ಬುಡಿ! ನಮ್ಮುತ್ತಜ್ಜಿದು. ನಾನು ತೊಟ್ಲಲ್ಲಿದ್ದಾಗ್ಲೇ ನೋಡಿವ್ನಿ."

"ನಂಗೆ ನಮ್ಮವ್ವ ಕಲ್ಸಿದ್ಲು," ಎಂದಳು ಇನ್ನೊಬ್ಬಳು.

"ಅಲ್ಲಮ್ಮಾ, ನಿಮಗೆ ಕಲಿಸಿದವಳು ಇವಳೇ ಅಲ್ಲವೆ? ನಾನೇ ನೋಡಿದ್ದೇನೆ!"

"ಬಾವಾರು ಎದ್ರಿಸ್ತಾವ್ರೆ, ಯಾರೂ ಬಾಯ್ ಬುಡ್ಬ್ಯಾಡಿ," ಎಂದಳು ಬಾಯಿಬಡುಕಿ. "ಅಕ್ಕಂಗೂ ಇದ್ಕೂ ಸಮ್ಮಂದ ಇಲ್ಲ ಅಂತ ಮಾದಪ್ಪನ ಮುಂದೆ ಕರ್ಪೂರ ಅಚ್ಚಿ ಆಣೆ ಮಾಡ್ತೀವಿ. ಎಲ್ಲಿಗ್ ಬೇಕಾರೂ ಬತ್ತೀವಿ."

ನಾನು ಬಿಡಿಸಿ ಹೇಳಿದಷ್ಟೂ ಅವರು ಅವಳನ್ನು ಇನ್ನಷ್ಟು ಗಟ್ಟಿಯಾಗಿ ರಕ್ಷಿಸಿದರು. ಗಂಡನೇ ಹೆಂಡತಿಯನ್ನು ಹಿಡಿದುಕೊಡಲು ಬಂದಿದ್ದಾನೆಂದು ಒಬ್ಬಳು ಕಣ್ಣೀರನ್ನೂ ಹಾಕಿದಳು. ನನ್ನ ಹೆಂಡತಿ ಬಂಡೆಯ ಮೇಲೆ ಕೂತು ಈ ವಾತ್ಸಲ್ಯವನ್ನೆಲ್ಲ ನೋಡುತ್ತಿದ್ದಳು. ಸಂಜೆ ಮನೆಗೆ ಬಂದು ಅವಳೆಂದದ್ದು ಇಷ್ಟೆ: "ಅವರ್ನ ಬಯ್ಬ್ಯಾಡಿ. ಅವ್ರ ಜಾಗ್ದಲ್ಲಿ ನಾನಿದ್ರೂ ಅಂಗೇ ಅಂತಿದ್ದೆ."

ಪೆಟ್ಟಿಗೆಯವರಿಗೆ ನಾನು ಕಾಗದ ಬರೆದೆ. ಹಕ್ಕಿನ ಮಾತು ಬಿಟ್ಟು, ದಾರಿಯ ನಿಯಮವೊಂದನ್ನು ಮರಳಿ ಸೇರಿಸಿ ಎಂದು ಬೇಡಿಕೊಂಡೆ. ಭಾವಮೈದುನನ ಸಾವನ್ನೂ ಬರೆದೆ. ನನ್ನ ಜೀವನದಲ್ಲಿ ಮೊದಲ ಸಲ ಒಂದೂವರೆ ಪುಟದಲ್ಲಿ ನಿಲ್ಲಲಾಗಲಿಲ್ಲ. ಉತ್ತರ ಬಂತು, ಸರ್ಕಾರದಿಂದ ಬರುವುದಕ್ಕಿಂತ ಬೇಗ ಬಂತು, ಅದಕ್ಕಿಂತ ವಿನಯವಾಗಿಯೂ ಇತ್ತು. ಒಂದೊಂದು ಊರಿನಲ್ಲಿ ಆಟದ ಒಂದೊಂದು ಪಾಠಾಂತರ ಇರುವುದು ಸಹಜವೆಂದೂ, ನಮ್ಮ ಊರಿನ ರೂಪದ ಬಗ್ಗೆ ತಿಳಿದು ಸಂತೋಷವಾಯಿತೆಂದೂ, ಆಟವನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದ ತಿಗನಾರೆಯ ಮಹಿಳೆಯರಿಗೆ ಕೃತಜ್ಞತೆಯ ಗುರುತಾಗಿ ಕೆಲವು ಪೆಟ್ಟಿಗೆಗಳನ್ನು ಉಚಿತವಾಗಿ ಕಳಿಸುತ್ತಿದ್ದೇವೆಂದೂ ಇತ್ತು.

ಪೆಟ್ಟಿಗೆಗಳು ಬಂದವು. ಹುಣಸೆ ಮರದ ಕೆಳಗೆ ಹಬ್ಬ. ಮರದ ಗೊಂಬೆಗಳು ಎಷ್ಟು ನುಣುಪು, ಹಾಳೆಯ ಮೇಲಿನ ಹೊಲ ಎಷ್ಟು ಹಸಿರು! ಬಂಡೆಯನ್ನು ಯಾರೂ ಕೇಳಲಿಲ್ಲ. ಒಬ್ಬಳ ಸೊಸೆ ಕಾಲೇಜು ಮುಟ್ಟಿದವಳು, ತಮಿಳು ಓದಬಲ್ಲವಳು. ಮುಚ್ಚಳದ ಹಿಂದಿನದನ್ನು ಓದಿ ಎಲ್ಲರಿಗೂ ಹೇಳಿಕೊಟ್ಟಳು. ಹೆಸರಿನ ಭಯವೂ ಬಿಟ್ಟುಹೋಯಿತು. ಮೊದಮೊದಲು ಅಚ್ಚಾಗಿದ್ದನ್ನು ಮುಟ್ಟಲು ಹೆದರಿದವರು ಆಮೇಲೆ ಅದರ ಮೇಲೇ ಎಲೆಅಡಿಕೆ ಇಟ್ಟುಕೊಂಡರು.

ನನ್ನ ಹೆಂಡತಿ ಕೆಲವು ದಿನ ಆ ಕಡೆ ಹೋಗಲಿಲ್ಲ. ಆಮೇಲೆ, ಕಳೆ ಕೀಳುವ ಹೊಲ ನಮ್ಮದೇ ಆದ್ದರಿಂದ, ಹೋದಳು. ನಾನು ಬುತ್ತಿ ತೆಗೆದುಕೊಂಡು ಹೋದಾಗ ಅವಳನ್ನು ಎಳೆದು ಕೂರಿಸಿಕೊಂಡಿದ್ದರು. ಅವಳದು ಕಾವಲಿನ ಪಕ್ಷ. ಎದುರಿಗೆ ಬಾಯಿಬಡುಕಿ. ನನ್ನ ಹೆಂಡತಿ ಪಂಜಿನ ಮನುಷ್ಯರನ್ನು ಒಂದೊಂದಾಗಿ ನಡೆಸುತ್ತ, ಕಾಡಿನ ಕಡೆ ಒಂದು ಸಾಲು ಖಾಲಿ ಬಿಡುತ್ತ ಬಂದಳು.

"ಅಂಗಲ್ಲ ಕಣಕ್ಕ!" ಎಂದು ಬಾಯಿಬಡುಕಿ ಅವಳ ಕೈ ಹಿಡಿದಳು. "ನೀನು ದಾರಿ ಬುಡ್ತಾ ಇದ್ದೀಯ. ಸುತ್ಲೂ ಕಟ್ಟಾಕ್ಬೇಕು."

"ನಾನು ನಿಂಗೆ ಕಲ್ಸಿದ್ದು ಅಂಗಲ್ವಲ್ಲಮ್ಮಿ."

"ಅಂಗಾರೆ ನಿಂಗೆ ಯಾರೋ ತಪ್ಪು ಕಲ್ಸವ್ರೆ. ಸಾವ್ರ ವರ್ಸದ್ದು ಕಣಕ್ಕ, ಅಚ್ಚಾಕವ್ರೆ, ಸುಳ್ಳಾದದಾ?" ಅವಳ ದನಿಯಲ್ಲಿ ಕೊಂಕಿರಲಿಲ್ಲ. ಚಿಕ್ಕ ಮಗುವಿಗೆ ತಿದ್ದಿ ಬರೆಸುವವರ ಪ್ರೀತಿ ಇತ್ತು. "ಬಾ, ನಾನೇ ತೋರುಸ್ತೀನಿ."

"ನಂಗೊತ್ತಾಯ್ತು ಬುಡು," ಎಂದಳು ನನ್ನ ಹೆಂಡತಿ.

ಒಬ್ಬ ಪಂಜಿನವನನ್ನು ಎತ್ತಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅವನನ್ನು ಸ್ವಲ್ಪ ಹೊತ್ತು ತಿರುಗಿಸುತ್ತಿದ್ದಳು. ಆಮೇಲೆ ಕಾಡಿನ ಕಡೆಯ ಖಾಲಿ ಚೌಕದಲ್ಲಿ ಇಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಗೆದ್ದಳು, ಅಕ್ಕ ಕಲಿತುಬಿಟ್ಟಳು ಎಂದು ಬಾಯಿಬಡುಕಿ ಅವಳ ಬೆನ್ನು ತಟ್ಟಿದಳು.

ಅವಳು ಮಂಡಿ ಹಿಡಿದುಕೊಂಡು ಎದ್ದಳು. ನಾನು ತಂದ ಬುತ್ತಿಯ ಕಡೆ ನೋಡಲಿಲ್ಲ. ಉಳಿದವರ ವಿರಾಮ ಇನ್ನೂ ಮುಗಿದಿರಲಿಲ್ಲ. ಕುಡುಗೋಲು ತೆಗೆದುಕೊಂಡು ಒಬ್ಬಳೇ ರಾಗಿ ಸಾಲಿಗೆ ಇಳಿದು ಕಳೆ ಕೀಳತೊಡಗಿದಳು.